‘ಆಕಾಶವಾಣಿ’ ಎಂಬ ಹೆಸರು: ತ್ರಿಪ್ಪುಣಿತ್ತುರದ ನಾ. ಕಸ್ತೂರಿಯವರೂ ಬಾಯ್ಮಾತಿನ ಸಾಕ್ಷ್ಯವೂ

1. ವಿಷಯ ಪ್ರವೇಶ

ಭಾರತದ ಬಾನುಲಿ ಸಂಸ್ಥೆಗೆ ಎರಡು ಹೆಸರುಗಳು ಬಹುಕಾಲ ಜೊತೆಜೊತೆಯಾಗಿ ನಡೆದುಬಂದುವು. ಒಂದು ‘ಆಲ್ ಇಂಡಿಯಾ ರೇಡಿಯೊ’, ಮತ್ತೊಂದು ‘ಆಕಾಶವಾಣಿ’. ಮೊದಲನೆಯದು 1936ರಲ್ಲಿ ದೆಹಲಿಯ ಅಧಿಕಾರವಲಯದಲ್ಲಿ ಹುಟ್ಟಿದುದು. ಎರಡನೆಯದು ಅದಕ್ಕೂ ಮುಂಚೆ ಮೈಸೂರಿನ ಒಬ್ಬ ಅಧ್ಯಾಪಕರ ಮನೆಯಲ್ಲಿ ಬಳಕೆಗೆ ಬಂದುದು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಹೊರಡಿಸಿದ ಆದೇಶದಂತೆ ಮೊದಲನೆಯ ಹೆಸರು ಹಿಂದೆ ಸರಿದು, ಎಲ್ಲ ಭಾಷೆಗಳ ಪ್ರಸಾರಗಳಲ್ಲಿಯೂ ‘ಆಕಾಶವಾಣಿ’ಯೊಂದೇ ಉಳಿಯಿತು. ಮೈಸೂರಿನ ಒಂದು ಮನೆಯ ಹೆಸರು ಇಡೀ ದೇಶದ ಹೆಸರಾದುದು ಕನ್ನಡಿಗರಿಗೆ ಸಂತೋಷದ ಸಂಗತಿಯೇ ಸರಿ. ಆದರೆ ಈ ಹೆಸರನ್ನು ಇಟ್ಟವರು ಯಾರು ಎಂದು ಕೇಳಿದೊಡನೆ ನಮ್ಮ ಸಂತೋಷವು ಸಂದೇಹಕ್ಕೆ ಎಡೆಗೊಡುತ್ತದೆ. ಒಂದಲ್ಲ, ಮೂರು ಉತ್ತರಗಳು ಪ್ರಚಾರದಲ್ಲಿವೆ. ಮೂರೂ ಬಹುಮಟ್ಟಿಗೆ ನೆನಪಿನ ಆಧಾರದ ಮೇಲೆ ನಿಂತವು.

ಪ್ರಕೃತ ಲೇಖನದ ಉದ್ದೇಶ ಎರಡು. ಈ ಮೂರು ಉತ್ತರಗಳನ್ನು ತೂಗಿ ನೋಡುವುದು ಒಂದು. ಬಾನುಲಿ ಮತ್ತು ಚಲನಚಿತ್ರಗಳಂತಹ ಕ್ಷೇತ್ರಗಳಲ್ಲಿ ದುಡಿದವರ ನೆನಪುಗಳನ್ನು ಇತಿಹಾಸದ ಸಾಕ್ಷ್ಯವಾಗಿ ಹೇಗೆ, ಎಷ್ಟರಮಟ್ಟಿಗೆ ಬಳಸಬಹುದು ಎಂಬುದನ್ನು ವಿಚಾರಿಸುವುದು ಮತ್ತೊಂದು. ಹೊರನಾಡ ಕನ್ನಡಿಗರಿಗೆ ಈ ವಿಚಾರದಲ್ಲಿ ವಿಶೇಷವಾದ ಆಸಕ್ತಿಯಿರುವುದು ಸಹಜ. ಏಕೆಂದರೆ ಮೂರು ಉತ್ತರಗಳಲ್ಲೊಂದು ನಮ್ಮನ್ನು ಕರೆದೊಯ್ಯುವುದು ಮೈಸೂರಿಗಲ್ಲ, ಕೊಚ್ಚಿಯ ಮಗ್ಗುಲಲ್ಲಿರುವ ತ್ರಿಪ್ಪುಣಿತ್ತುರಕ್ಕೆ.

2. ಮೈಸೂರಿನ ಬಾನುಲಿ

ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ವಿದ್ವಾಂಸನ ಬಳಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. 1935ರ ಸೆಪ್ಟೆಂಬರ್ 10ರಂದು ಅವರು ‘ವಿಠ್ಠಲ ವಿಹಾರ’ವೆಂಬ ತಮ್ಮ ನಿವಾಸದಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಪ್ರೇಷಕಯಂತ್ರದ ಶಕ್ತಿ ಕೇವಲ 30 ವ್ಯಾಟ್. ಇಂದಿನ ಮನೆಯ ಒಂದು ದೀಪಕ್ಕೆ ಸಾಲುವಷ್ಟು ಶಕ್ತಿಯಿಂದ ಒಂದು ನಗರಕ್ಕೆ ಸಂಗೀತವನ್ನೂ ಭಾಷಣಗಳನ್ನೂ ಕೇಳಿಸಿದ ಸಾಹಸವದು. ಮುಂದೆ 250 ವ್ಯಾಟಿನ ಯಂತ್ರ ಬಂದಿತು; ಕೆಲವು ವರ್ಷಗಳ ಅನಂತರ ಮೈಸೂರು ಸಂಸ್ಥಾನದ ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು.

ಆ ಕಾಲದ ಅಖಿಲ ಭಾರತ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರವನ್ನು ಪ್ರಾರಂಭಿಸಿದ ಖಾಸಗಿ ಕಂಪೆನಿಯು 1930ರಲ್ಲಿ ಮುಳುಗಿಹೋಯಿತು. ಭಾರತ ಸರ್ಕಾರವು ಅದನ್ನು ತೆಗೆದುಕೊಂಡು ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ಉದ್ದನೆಯ ಹೆಸರಿನಿಂದ ನಡೆಸತೊಡಗಿತು. 1935ರಲ್ಲಿ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಎಂಬಾತನನ್ನು ಪ್ರಸಾರ ನಿಯಂತ್ರಕನಾಗಿ ಕರೆತರಲಾಯಿತು. ಮರುವರ್ಷ ಬಿಬಿಸಿಯ ಎಂಜಿನಿಯರುಗಳಾದ ಕರ್ಕ್ ಮತ್ತು ಗೋಯ್ಡರ್ ಎಂಬವರೂ ಬಂದರು. ಹೀಗೆ ದೆಹಲಿಯಲ್ಲಿ ಇಂಗ್ಲೆಂಡಿನ ಅನುಭವಿಗಳು ಬಾನುಲಿಯ ನಕ್ಷೆಯನ್ನು ಬರೆಯುತ್ತಿದ್ದಾಗ, ಮೈಸೂರಿನಲ್ಲಿ ಒಬ್ಬ ಪ್ರಾಧ್ಯಾಪಕರು ಯಾರ ಅಪ್ಪಣೆಗೂ ಕಾಯದೆ ಪ್ರಸಾರವನ್ನು ನಡೆಸಿಯೇ ಬಿಟ್ಟಿದ್ದರು. 1947ರ ವೇಳೆಗೆ ದೇಶೀ ಸಂಸ್ಥಾನಗಳಲ್ಲಿ ಐದು ಕೇಂದ್ರಗಳಿದ್ದುವು: ಮೈಸೂರು, ಬರೋಡ, ಹೈದರಾಬಾದು, ಔರಂಗಾಬಾದು, ತಿರುವನಂತಪುರ. ತಿರುವಾಂಕೂರಿನ ಕೇಂದ್ರವು 1943ರ ಮಾರ್ಚಿ 12ರಂದು ಉದ್ಘಾಟಿತವಾಯಿತು. 1950ರ ಏಪ್ರಿಲ್ 1ರಂದು ಮೈಸೂರು ಮತ್ತು ತಿರುವನಂತಪುರದ ಕೇಂದ್ರಗಳೆರಡೂ ಒಂದೇ ದಿನ ಅಖಿಲ ಭಾರತ ಸಂಸ್ಥೆಯಲ್ಲಿ ಲೀನವಾದುವು. ಕೇರಳದಲ್ಲಿ ನೆಲಸಿದ ಕನ್ನಡಿಗರು ಗಮನಿಸಬೇಕಾದ ಸಮಾನಾಂತರವಿದು.

3. ಮೂರು ಉತ್ತರಗಳು

ಹೆಸರಿನ ವಿಷಯಕ್ಕೆ ಬರೋಣ. ಮೊದಲನೆಯ ಉತ್ತರದಂತೆ ‘ಆಕಾಶವಾಣಿ’ ಎಂಬ ಹೆಸರಿನ ಕರ್ತೃ ಗೋಪಾಲಸ್ವಾಮಿಯವರೇ. ಸರ್ಕಾರಿ ಮೂಲದ ಬರೆಹಗಳು ಸಾಮಾನ್ಯವಾಗಿ ಹೀಗೆಯೇ ಹೇಳುತ್ತವೆ. ಆದರೆ ಅವುಗಳಲ್ಲಿಯೇ ವರ್ಷದ ವಿಷಯದಲ್ಲಿ ಏಕವಾಕ್ಯತೆಯಿಲ್ಲ. ಕೆಲವು 1935 ಎಂದರೆ ಮತ್ತೆ ಕೆಲವು 1936 ಎನ್ನುತ್ತವೆ. ಅಖಿಲ ಭಾರತ ಸಂಸ್ಥೆಯು ಈ ಹೆಸರನ್ನು ಸ್ವೀಕರಿಸಿದ ವರ್ಷವೂ ಒಂದೆಡೆ 1956, ಮತ್ತೊಂದೆಡೆ 1957 ಎಂದಿದೆ. ಕಾಗದವೆಂದ ಮಾತ್ರಕ್ಕೆ ಅದು ನೆನಪಿಗಿಂತ ನಿಷ್ಕೃಷ್ಟವೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಎರಡನೆಯ ಉತ್ತರ ಮೈಸೂರಿನ ಸಾಹಿತ್ಯವಲಯದಲ್ಲಿ ಕರ್ಣಾಕರ್ಣಿಕೆಯಾಗಿ ಬಂದುದು. ಅದರಂತೆ ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು. ಕಸ್ತೂರಿಯವರು 1897ರ ಡಿಸೆಂಬರ್ 25ರಂದು ತ್ರಿಪ್ಪುಣಿತ್ತುರದಲ್ಲಿ ಹುಟ್ಟಿದರು. ಕೊಚ್ಚಿಯ ಅರಸುಮನೆತನದ ನಿವಾಸಸ್ಥಾನವೂ ಪೂರ್ಣತ್ರಯೀಶ ದೇವಾಲಯದಿಂದ ಪ್ರಸಿದ್ಧವೂ ಆದ ಊರದು. ತಿರುವನಂತಪುರದಲ್ಲಿ ಎಂ.ಎ., ಬಿ.ಎಲ್. ಪದವಿಗಳನ್ನು ಪಡೆದು, ಉದ್ಯೋಗಾರ್ಥವಾಗಿ ಮೈಸೂರಿಗೆ ಬಂದರು. ಮೊದಲು ಬನುಮಯ್ಯ ವಿದ್ಯಾಸಂಸ್ಥೆಯಲ್ಲಿ ಉಪಾಧ್ಯಾಯರು. ಅನಂತರ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರು. ಮನೆಮಾತು ಕನ್ನಡವಲ್ಲದ ಈ ಮಹನೀಯರು ಕನ್ನಡವನ್ನು ಕಲಿತು, ಆ ಭಾಷೆಯ ಶ್ರೇಷ್ಠ ಹಾಸ್ಯಲೇಖಕರ ಪಂಕ್ತಿಯಲ್ಲಿ ಕುಳಿತರು. ಡಾ. ಎಂ. ಶಿವರಾಂ ಅವರು, ಎಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಓದುಗರಿಗೆ ಕಸ್ತೂರಿಯವರ ಪರಿಚಯ ಹೇಳಬೇಕಾದುದಿಲ್ಲ. ಉತ್ತರಕಾಲದಲ್ಲಿ ಅವರು ಪುಟ್ಟಪರ್ತಿಯಲ್ಲಿ ನೆಲಸಿ, 1987ರಲ್ಲಿ ತೀರಿಕೊಂಡರು.

ಮೂರನೆಯ ಉತ್ತರ ಬಂಗಾಳದ್ದು. 1938ರಲ್ಲಿ ಕಲಕತ್ತೆಯ ಕೇಂದ್ರಕ್ಕಾಗಿ ರವೀಂದ್ರನಾಥ ಠಾಕೂರರು ಒಂದು ಕವಿತೆಯನ್ನು ಬರೆದುಕೊಟ್ಟರೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಅಲ್ಲಿ ಬಲವಾದ ನಂಬಿಕೆಯುಂಟು.

ಕಾಲಾನುಕ್ರಮವನ್ನು ಹಿಡಿದು ನೋಡಿದರೆ ಮೂರನೆಯದು ಹಿಂದುಳಿಯುತ್ತದೆ. 1938ಕ್ಕೆ ಮೊದಲೇ ಮೈಸೂರಿನಲ್ಲಿ ಹೆಸರು ಬಳಕೆಯಲ್ಲಿದ್ದುದರಿಂದ, ಬಾನುಲಿ ಕೇಂದ್ರಕ್ಕೆ ಅದನ್ನು ಮೊದಲು ಅನ್ವಯಿಸಿದವರು ಠಾಕೂರರಾಗಲಾರರು. ಹಾಗೆಂದು ಅವರು ಮೈಸೂರಿನಿಂದ ಎರವಲು ಪಡೆದರೆಂದೂ ಹೇಳಬೇಕಾಗಿಲ್ಲ. ಶಬ್ದವು ಯಾರೂ ಹೊಸದಾಗಿ ಟಂಕಿಸಿದುದಲ್ಲ. ಪುರಾಣಗಳನ್ನು ಕೇಳಿದ ಯಾವನಿಗೂ ‘ಅಶರೀರವಾಣಿ’ಯು ಪರಿಚಿತ, ಕಂಸನಿಗೆ ಅವನ ಮೃತ್ಯುವನ್ನು ತಿಳಿಸಿದುದು ಅದೇ. ಸಂಸ್ಕೃತ ನಾಟಕಶಾಸ್ತ್ರದಲ್ಲಿ ‘ಆಕಾಶಭಾಷಿತ’ವೆಂಬ ಪರಿಭಾಷೆಯುಂಟು, ರಂಗದ ಮೇಲೆ ಕಾಣಿಸದ ವ್ಯಕ್ತಿಯೊಡನೆ ಪಾತ್ರಧಾರಿಯು ಮಾತನಾಡುವ ಕ್ರಮವದು. ಇಂತಹ ಹಿನ್ನೆಲೆಯುಳ್ಳ ಶಬ್ದವು ಮೈಸೂರಿನಲ್ಲೊಬ್ಬರಿಗೆ, ಶಾಂತಿನಿಕೇತನದಲ್ಲೊಬ್ಬರಿಗೆ ಸ್ವತಂತ್ರವಾಗಿ ಹೊಳೆದಿರಬಹುದು. ತಮಿಳರು ‘ವಾನೊಲಿ’ ಎಂದು ತಮ್ಮದೇ ದಾರಿಯನ್ನು ಹಿಡಿದರು. ನಮ್ಮಲ್ಲಿಯೂ ‘ಬಾನುಲಿ’ ಎಂಬ ಅಚ್ಚಗನ್ನಡದ ಮಾತು ಪಕ್ಕದಲ್ಲಿಯೇ ಬೆಳೆಯಿತು.

4. ಸೂಚಿಸುವುದು, ಇಡುವುದು

ಉಳಿದ ಎರಡು ಉತ್ತರಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧ. ಆದರೆ ಹೆಸರಿಡುವ ಕ್ರಿಯೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ವಿರೋಧವು ಕರಗುತ್ತದೆ. ನಮ್ಮ ಮನೆಗಳ ನಾಮಕರಣವನ್ನೇ ತೆಗೆದುಕೊಳ್ಳಬಹುದು. ಹೆಸರನ್ನು ಯೋಚಿಸಿ ಹೇಳಿದವರು ಅಜ್ಜನೋ ಮನೆಗೆ ಬಂದ ಹಿತೈಷಿಯೋ ಆಗಿರಬಹುದು. ಮಗುವಿನ ಕಿವಿಯಲ್ಲಿ ಅದನ್ನು ಉಚ್ಚರಿಸುವವನು ತಂದೆ. ತೊಟ್ಟಿಲ ಬಳಿ ಕೂಗುವವಳು ಸೋದರತ್ತೆ. ‘ಹೆಸರಿಟ್ಟವರು ಯಾರು?’ ಎಂದು ಐವತ್ತು ವರ್ಷಗಳ ಮೇಲೆ ಕೇಳಿದರೆ ಮೂವರ ಹೆಸರೂ ಬರುತ್ತದೆ, ಯಾವುದೂ ಸುಳ್ಳಲ್ಲ. ಗೋಪಾಲಸ್ವಾಮಿಯವರು ಕೇಂದ್ರದ ಸ್ಥಾಪಕರು. ಯಾರು ಸೂಚಿಸಿದರೂ ಒಪ್ಪಿ ಇಡಬೇಕಾದವರು ಅವರೇ. ಕಸ್ತೂರಿಯವರು ಅದೇ ವಿಶ್ವವಿದ್ಯಾನಿಲಯದ ಸಹೋದ್ಯೋಗಿ. ಒಬ್ಬರು ಸೂಚಿಸಿ ಮತ್ತೊಬ್ಬರು ಇಟ್ಟರೆಂದರೆ ಎರಡು ಉತ್ತರಗಳೂ ಒಂದೇ ಘಟನೆಯ ಎರಡು ಮುಖಗಳಾಗುತ್ತವೆ.

ಕಸ್ತೂರಿಯವರ ಪಕ್ಷಕ್ಕೆ ಒಂದು ಒಳಸಾಕ್ಷ್ಯವನ್ನೂ ಸೇರಿಸಬಹುದು. ಅವರ ‘ಅನರ್ಥಕೋಶ’ವನ್ನು ಬಲ್ಲವರಿಗೆ ಅವರ ಪ್ರತಿಭೆಯ ಜಾಡು ಗೊತ್ತು: ಬಳಕೆಯ ಶಬ್ದವನ್ನು ಅದರ ರೂಢಿಯ ಸ್ಥಾನದಿಂದ ಎತ್ತಿ, ನಿರೀಕ್ಷಿಸದ ಇನ್ನೊಂದು ಕಡೆ ಕೂರಿಸಿ, ಹೊಸ ಅರ್ಥವನ್ನು ಹೊರಡಿಸುವುದು. ದೇವತೆಗಳ ಮಾತನ್ನು ಒಂದು ಯಂತ್ರಕ್ಕೆ ಕಟ್ಟಿದ ಈ ನಾಮಕರಣದಲ್ಲಿ ಅದೇ ಜಾಡು ಕಾಣುತ್ತದೆ. ಅದರಲ್ಲಿ ಗಾಂಭೀರ್ಯವೂ ಇದೆ, ಸಣ್ಣ ನಗೆಯೂ ಇದೆ. ಇದು ಪ್ರಮಾಣವಲ್ಲ, ಸಂಭಾವ್ಯತೆ ಮಾತ್ರ. ಆದರೂ ಬಾಯ್ಮಾತಿನ ಪರಂಪರೆಯು ಈ ವ್ಯಕ್ತಿಗೇ ಈ ಕೀರ್ತಿಯನ್ನು ಕೊಟ್ಟುದು ಅಕಾರಣವಲ್ಲವೆಂದು ತೋರುತ್ತದೆ.

ಪ್ರತಿಸ್ಪರ್ಧಿ ಹೆಸರಿನ ಚರಿತ್ರೆಯು ಈ ವಿಚಾರಕ್ಕೆ ಅನಿರೀಕ್ಷಿತವಾದ ಬೆಂಬಲವನ್ನು ಒದಗಿಸುತ್ತದೆ. ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು 1936ರ ಜೂನ್ 8ರಂದು ಜಾರಿಗೆ ಬಂದಿತು. ಅದರ ಹುಟ್ಟಿನ ಕಥೆ ನಮಗೆ ತಿಳಿದಿರುವುದು ಫೀಲ್ಡನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವುದರಿಂದ; ಆ ಗ್ರಂಥ ಪ್ರಕಟವಾದುದು 1960ರಲ್ಲಿ, ಎಂದರೆ ಘಟನೆಯ 24 ವರ್ಷಗಳ ಮೇಲೆ. ಅವನು ಹೇಳುವಂತೆ, ಔತಣವೊಂದರ ಅನಂತರ ವೈಸರಾಯ್ ಲಿನ್‌ಲಿತ್‌ಗೋ ಪ್ರಭುವಿನ ಬಳಿ ಹೋಗಿ, ಹಳೆಯ ಹೆಸರಿನಿಂದ ತನಗಾಗಿರುವ ತೊಡಕನ್ನು ನಿವೇದಿಸಿ, ಸಲಹೆಯನ್ನು ಬೇಡಿದನು. ತನಗೆ ಬೇಕಾದ ಶಬ್ದಗಳು ವೈಸರಾಯನ ಬಾಯಿಂದಲೇ ಹೊರಡುವಂತೆ ಮಾತನ್ನು ನಡೆಸಿ, ಹೊರಟೊಡನೆ ಆಶ್ಚರ್ಯವನ್ನೂ ಮೆಚ್ಚಿಕೆಯನ್ನೂ ಪ್ರಕಟಿಸಿದನು. ಹೆಸರು ತನ್ನದೇ ಎಂದು ವೈಸರಾಯನು ನಂಬಿದನು, ಕೆಲಸ ಕೈಗೂಡಿತು.

ಈ ಕಥೆಯಲ್ಲಿ ನಿರೂಪಕನ ಜಾಣ್ಮೆಯೇ ನಾಯಕ. ಆದಕಾರಣ ಓದುವವರು ಸ್ವಲ್ಪ ಎಚ್ಚರದಿಂದಿರಬೇಕು. ಆದರೂ ಅದರಲ್ಲೊಂದು ತತ್ತ್ವವಿದೆ. ಕಚೇರಿಯ ಕಡತವು ಅಧಿಕಾರವುಳ್ಳವನ ಸಮ್ಮತಿಯನ್ನು ದಾಖಲೆ ಮಾಡುತ್ತದೆ. ಸೂಚಿಸಿದವನ ಹೆಸರು ಉಳಿದರೆ ನೆನಪಿನಲ್ಲಿ ಉಳಿಯಬೇಕು, ಇಲ್ಲವಾದರೆ ಇಲ್ಲ. ನಮ್ಮ ಪ್ರಾಚೀನ ಶಾಸನಗಳು ಈ ವಿಷಯದಲ್ಲಿ ಹೆಚ್ಚು ಉದಾರವಾದುವು. ದಾನವಿತ್ತ ಅರಸನ ಹೆಸರಿನೊಡನೆ ಅನೇಕ ಶಾಸನಗಳು ಪಾಠವನ್ನು ರಚಿಸಿದ ಕವಿಯ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರನ್ನೂ ಹೇಳುತ್ತವೆ. ಇಪ್ಪತ್ತನೆಯ ಶತಮಾನದ ಸರ್ಕಾರಿ ಆದೇಶಗಳಲ್ಲಿ ಅಂತಹ ಪದ್ಧತಿಯಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಮೌಖಿಕ ಇತಿಹಾಸದ ಅಗತ್ಯವಿರುವುದು.

5. ಕಾರಾಪುರದ ಸಾಬು

ನೆನಪಿನ ಬಲವನ್ನು ನೋಡಿದ ಮೇಲೆ ಅದರ ದೌರ್ಬಲ್ಯವನ್ನೂ ನೋಡಬೇಕು. ಅದಕ್ಕೆ ಉದಾಹರಣೆ ಮೈಸೂರಿನಲ್ಲಿಯೇ, ಅದೇ ವರ್ಷಗಳಲ್ಲಿಯೇ ದೊರೆಯುತ್ತದೆ. 1935ರಲ್ಲಿ ಲಂಡನ್ ಫಿಲಂಸ್ ಸಂಸ್ಥೆಯ ಪರವಾಗಿ ರಾಬರ್ಟ್ ಫ್ಲಾಹರ್ಟಿಯು ಕಿಪ್ಲಿಂಗನ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದನು. ಮಹಾರಾಜರು ಅವನ ಪರಿವಾರಕ್ಕೆ ಚಿತ್ತರಂಜನ ಮಹಲನ್ನು ಬಿಡಾರವಾಗಿ ಕೊಟ್ಟರು. ಕಾರಾಪುರದ ಮಾವುತನೊಬ್ಬನ ಮಗ, 1924ರಲ್ಲಿ ಹುಟ್ಟಿದ ಸಾಬು ಎಂಬ ಹುಡುಗನನ್ನು ನಾಯಕನ ಪಾತ್ರಕ್ಕೆ ಆರಿಸಲಾಯಿತು. ಚಿತ್ರದ ಉಳಿದ ಭಾಗವನ್ನು ಜೋಲ್ಟಾನ್ ಕೋರ್ಡನು ಇಂಗ್ಲೆಂಡಿನ ಡೆನಮ್ ಸ್ಟುಡಿಯೊದಲ್ಲಿ ಪೂರೈಸಿದನು. 1937ರಲ್ಲಿ ‘ಎಲಿಫಂಟ್ ಬಾಯ್’ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿಯನ್ನು ಪಡೆಯಿತು. ಅಣ್ಣನೊಡನೆ ಇಂಗ್ಲೆಂಡಿಗೆ ಹೋದ ಹುಡುಗನು ಮತ್ತೆ ಮಾವುತನಾಗಲಿಲ್ಲ. 1938ರಲ್ಲಿ ‘ದಿ ಡ್ರಮ್’, 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’, ಯುದ್ಧಾನಂತರ 1947ರಲ್ಲಿ ‘ಬ್ಲಾಕ್ ನಾರ್ಸಿಸಸ್’ ಹೀಗೆ ಬ್ರಿಟಿಷ್ ಚಲನಚಿತ್ರ ಚರಿತ್ರೆಯ ಮುಖ್ಯ ಪುಟಗಳಲ್ಲಿ ಅವನಿದ್ದಾನೆ. 1944ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಿಮಾನದಳದಲ್ಲಿಯೂ ಸೇವೆ ಸಲ್ಲಿಸಿ, 1963ರ ಡಿಸೆಂಬರ್ 2ರಂದು ತನ್ನ 39ನೆಯ ವಯಸ್ಸಿನಲ್ಲಿಯೇ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು.

ಈ ಹುಡುಗನನ್ನು ಕಂಡುಹಿಡಿದವರು ಯಾರು? ಛಾಯಾಗ್ರಾಹಕ ಆಸ್ಮಂಡ್ ಬೋರಡೇಲ್ ಎಂಬುದು ಒಂದು ನಿರೂಪಣೆ. ಫ್ಲಾಹರ್ಟಿಯೇ ಎಂಬುದು ಇನ್ನೊಂದು. ಫ್ಲಾಹರ್ಟಿಯ ಪತ್ನಿ ಫ್ರಾನ್ಸಿಸ್ ಮೈಸೂರಿನಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರಗಳು 1937ರಲ್ಲಿಯೇ ಗ್ರಂಥರೂಪವಾಗಿ ಬಂದುವು. ಇನ್ನು ಅವನ ಹೆಸರು? ಲೋಕಕ್ಕೆ ಅವನು ‘ಸಾಬು ದಸ್ತಗೀರ್’. ಆದರೆ ದಸ್ತಗೀರ್ ಎಂಬುದು ಅಣ್ಣನ ಹೆಸರೆಂದೂ, ಕಾಗದಪತ್ರದ ಗೊಂದಲದಿಂದ ತಮ್ಮನಿಗೂ ಅಂಟಿಕೊಂಡಿತೆಂದೂ ಜೀವನಚರಿತ್ರಕಾರರು ಹೇಳುತ್ತಾರೆ. ಒಬ್ಬ ಜಗತ್ಪ್ರಸಿದ್ಧ ನಟನ ಹೆಸರಿನಲ್ಲಿಯೇ ಹೀಗಾದರೆ, ಉಳಿದವರ ಪಾಡೇನು?

ಇಲ್ಲಿ ಗಮನಿಸಬೇಕಾದುದು ಸಾಕ್ಷಿಗಳು ಯಾರು ಎಂಬುದು. ನಿರ್ದೇಶಕನ ಕಡೆಯವರು ಬರೆದರು, ಛಾಯಾಗ್ರಾಹಕನು ಹೇಳಿದನು, ನಿರ್ಮಾಪಕರ ಪ್ರಚಾರಪತ್ರಗಳು ಸಾರಿದುವು. ಕಾರಾಪುರದ ಮಾವುತರು, ಆನೆಗಳನ್ನು ನಡೆಸಿದವರು, ಬಿಡಾರದಲ್ಲಿ ಅಡಿಗೆ ಮಾಡಿದವರು, ದುಭಾಷಿಗಳು ಇವರ ಮಾತನ್ನು ಆ ಪುಸ್ತಕಗಳು ತಮ್ಮ ಬಾಯಿಂದಲ್ಲದೆ ಅವರ ಬಾಯಿಂದ ಕೇಳಿಸುವುದಿಲ್ಲ. ನೆನಪು ತಪ್ಪುತ್ತದೆಂಬುದು ಸಣ್ಣ ದೋಷ. ಒಂದೇ ಪಕ್ಷದ ನೆನಪು ಉಳಿಯುತ್ತದೆಂಬುದು ದೊಡ್ಡ ದೋಷ.

6. ಇಂಗ್ಲೆಂಡಿನ ಉದಾಹರಣೆ

ಬ್ರಿಟನ್ನಿನಲ್ಲಿ ಈ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದವರು ಆ ಉದ್ಯೋಗದಲ್ಲಿ ದುಡಿದವರೇ. 1980ರ ದಶಕದ ಉತ್ತರಾರ್ಧದಲ್ಲಿ ಚಲನಚಿತ್ರ ಮತ್ತು ದೂರದರ್ಶನ ಕೆಲಸಗಾರರ ಸಂಘದ ಕೆಲವು ಸದಸ್ಯರು ಸೇರಿ, ನಿವೃತ್ತರಾದ ತಮ್ಮ ಸಂಗಾತಿಗಳ ವೃತ್ತಿಜೀವನದ ನೆನಪುಗಳನ್ನು ಧ್ವನಿಮುದ್ರಿಸತೊಡಗಿದರು. ಇಂದು ‘ಬ್ರಿಟಿಷ್ ಎಂಟರ್‌ಟೈನ್‌ಮೆಂಟ್ ಹಿಸ್ಟರಿ ಪ್ರಾಜೆಕ್ಟ್’ ಎಂಬ ಹೆಸರಿನಿಂದ ನಡೆಯುತ್ತಿರುವ ಈ ಸಂಗ್ರಹದಲ್ಲಿ ನೂರಾರು ಸಂದರ್ಶನಗಳಿವೆ. ನಿರ್ದೇಶಕರು ಮಾತ್ರವಲ್ಲದೆ ಕ್ಯಾಮೆರಾ ಸಹಾಯಕರು, ಧ್ವನಿಗ್ರಾಹಕರು, ಸಂಕಲನಕಾರರು, ಪ್ರಯೋಗಶಾಲೆಯ ಕೆಲಸಗಾರರು ಎಲ್ಲರೂ ಅಲ್ಲಿ ಮಾತನಾಡಿದ್ದಾರೆ. ಸಂದರ್ಶಕನೂ ಅದೇ ಕಸುಬಿನವನಾದುದರಿಂದ ಪ್ರಶ್ನೆಗಳು ಕೆಲಸದ ಒಳಮರ್ಮವನ್ನು ಮುಟ್ಟುತ್ತವೆ: ಯಂತ್ರ ಯಾವುದು, ಸಂಬಳ ಎಷ್ಟು, ದಿನಕ್ಕೆ ಎಷ್ಟು ತಾಸು, ಯಾರ ಮಾತು ನಡೆಯುತ್ತಿತ್ತು.

ಬ್ರಿಟಿಷ್ ಪ್ರಸಾರದಲ್ಲಿ ಭಾರತೀಯರೂ ದುಡಿದರೆಂಬುದನ್ನು ಮರೆಯಬಾರದು. ಕೇರಳದ ತ್ರಿಶ್ಶೂರಿನ ನಾರಾಯಣ ಮೆನನ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಬಿಸಿಯ ಪೌರಸ್ತ್ಯ ವಿಭಾಗದಲ್ಲಿ ಕೆಲಸ ಮಾಡಿ, ಮುಂದೆ 1960ರ ದಶಕದಲ್ಲಿ ಆಕಾಶವಾಣಿಯ ಮಹಾನಿರ್ದೇಶಕರಾದರು. 1941ರಿಂದ 1943ರವರೆಗೆ ಅದೇ ವಿಭಾಗದಲ್ಲಿದ್ದ ಜಾರ್ಜ್ ಆರ್ವೆಲ್‌ನ ದಿನಚರಿ, ಪತ್ರ, ಪ್ರಸಾರದ ಬರೆಹಗಳೆಲ್ಲ ಸಂಪುಟಗಳಲ್ಲಿ ಅಚ್ಚಾಗಿವೆ. ಅವನ ಜೊತೆಯಲ್ಲಿ ಕುಳಿತು ಕೆಲಸ ಮಾಡಿದ ಭಾರತೀಯರ ಬಗೆಗೆ ನಮಗೆ ಅಷ್ಟು ವಿವರ ದೊರೆಯುವುದು ದುರ್ಲಭ.

7. ಮಾಡಬೇಕಾದುದು

ಮೈಸೂರಿನ ಪ್ರಸಾರಗಳು ಬಹುಮಟ್ಟಿಗೆ ನೇರವಾದುವು. ಆಡಿದ ಮಾತು ಗಾಳಿಯಲ್ಲಿ ಸೇರಿಹೋಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರವು ಆರಂಭವಾಗಿ ಮೈಸೂರಿನ ಸ್ಥಾನವನ್ನು ಪಡೆಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದುದು 1974ರಲ್ಲಿ. ನಡುವಣ ಅಂತರದಲ್ಲಿ ಏನೇನು ಚದುರಿಹೋಯಿತೋ ಊಹಿಸಬಹುದು. 1935ರಲ್ಲಿ ಗೋಪಾಲಸ್ವಾಮಿಯವರ ಕೇಂದ್ರವನ್ನು ಬುದ್ಧಿ ತಿಳಿದು ಆಲಿಸಿದವರು ಇಂದು ಸಿಗುವುದು ಅಸಾಧ್ಯಪ್ರಾಯ. 1950ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರಲ್ಲಿ ಕೆಲವರು ಮುಂಬಯಿ, ದೆಹಲಿ, ಚೆನ್ನೈ, ಕೊಚ್ಚಿ, ತಿರುವನಂತಪುರಗಳಲ್ಲಿ ಮಕ್ಕಳ ಮನೆಯಲ್ಲಿದ್ದಾರೆ. ಆದಕಾರಣ ಈ ಕಾರ್ಯವು ಹೊರನಾಡಿನ ಸಂಘಗಳಿಗೂ ಸೇರಿದುದು.

ಕೇಳುವ ಕ್ರಮವನ್ನು ಕುರಿತು ಮೂರು ಮಾತು. ಹೇಳುವವರು ತಾವೇ ಕಂಡುದನ್ನೂ ಇನ್ನೊಬ್ಬರಿಂದ ಕೇಳಿದುದನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ‘ಆಕಾಶವಾಣಿ’ಯ ವಿಷಯದಲ್ಲಿ ಉಂಟಾದ ಗೊಂದಲದ ಬಹುಭಾಗವು ಈ ಎರಡನ್ನು ಬೆರಸಿದುದರಿಂದ ಬಂದುದು. ಎರಡನೆಯದಾಗಿ, ವರ್ಷವನ್ನು ನೇರವಾಗಿ ಕೇಳುವುದಕ್ಕಿಂತ ಆಗ ಯಾವ ತರಗತಿಯಲ್ಲಿದ್ದಿರಿ, ಯಾವ ಮನೆಯಲ್ಲಿದ್ದಿರಿ ಎಂದು ಕೇಳುವುದು ಲೇಸು. ನೆನಪು ಅಂಕಿಯನ್ನು ಮರೆತರೂ ಜಾಗವನ್ನು ಮರೆಯುವುದಿಲ್ಲ. ಮೂರನೆಯದಾಗಿ, ಹೇಳಿದವರ ಮಾತನ್ನು ಅವರ ಭಾಷೆಯಲ್ಲಿಯೇ, ತಿದ್ದದೆ ಉಳಿಸಬೇಕು. ಮಲೆಯಾಳ ಬೆರೆತ ಕನ್ನಡವಾದರೆ ಹಾಗೆಯೇ ಇರಲಿ, ಅದೂ ಸಾಕ್ಷ್ಯವೇ.

ಕಸ್ತೂರಿಯವರ ವೃತ್ತಾಂತದಿಂದ ಇನ್ನೊಂದು ವಿಚಾರವು ಹೊರಡುತ್ತದೆ. ತ್ರಿಪ್ಪುಣಿತ್ತುರದಿಂದ ಮೈಸೂರಿಗೆ ಬಂದ ಒಬ್ಬ ವಲಸೆಗಾರರು, ತಾವು ಕಲಿತ ಭಾಷೆಯ ನಡುವೆ ನಿಂತು, ಕನ್ನಡ ನಾಡಿನ ಕೇಂದ್ರಕ್ಕೆ ಎಲ್ಲ ಪ್ರಾಂತಗಳಿಗೂ ಒಪ್ಪುವ ಹೆಸರನ್ನು ಸೂಚಿಸಿದರೆಂಬುದು ಪರಂಪರೆಯ ಸಾರ. ಬಂದವರನ್ನು ಮೈಸೂರು ತನ್ನವರನ್ನಾಗಿ ಮಾಡಿಕೊಂಡಿತು. ಅವರೂ ಕೊಟ್ಟು ಋಣವನ್ನು ತೀರಿಸಿದರು. ಇಂದು ಎದುರು ದಿಕ್ಕಿನಲ್ಲಿ ಹೋಗಿ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲಸಿರುವ ಕನ್ನಡಿಗರು ಆ ನಾಡಿಗೆ ಏನನ್ನು ಕೊಟ್ಟಿದ್ದಾರೆಂಬ ಪ್ರಶ್ನೆಗೆ ಉತ್ತರವು ಯಾವ ಕಡತದಲ್ಲಿಯೂ ಸಿಕ್ಕಲಾರದು. ಅದು ಹಿರಿಯರ ನಾಲಗೆಯ ಮೇಲಿದೆ. ಅವರಿರುವಾಗಲೇ ಹೋಗಿ ಕೇಳಬೇಕು.